ಅಂಚು ಕಚ್ಚಿಸಿದವರ ತೋಟಾ

ಜೂನ್ 12, 2025, ಗುರುವಾರ

ಸಿಮೆಂಟ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇಷ್ಟು ದಿನ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಿತ್ತು. ಇವತ್ತು ಕೆಳಗಿಳಿಸಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆಯೊಳಗೇ ಹುಳಿಯಾಗುತ್ತದೆ. ಮಗಳು ರಂಜಿತಾಗೆ ಹೇಳಿದರೆ ಹೊಳಲ್ಕೆರೆಯಿಂದ ಬಸ್ಸು ಹತ್ತಿ ಬಂದು ಅಪ್ಪನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಅದಕ್ಕಿಂತ ಈ ಹಾಳೆಯೇ ವಾಸಿ, ತಿರುಗಿ ಮಾತಾಡುವುದಿಲ್ಲ.

ಸಂಕ್ರಾಂತಿ ಮಾರನೇ ದಿನ ಇವರಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು. ಬಾಯಿಗಂತೂ ಏನೂ ಆಗಲಿಲ್ಲ, ಆಸ್ಪತ್ರೆಯ ಮಂಚದ ಮೇಲೇ ನರ್ಸಮ್ಮನಿಗೆ ಬೈದ ಮನುಷ್ಯ. ಬಲಗೈ ಮಾತ್ರ ನಡುಗುತ್ತದೆ. ಬಂದೂಕು ರಿಪೇರಿ ಮಾಡುವ, ತೋಟಾ ತುಂಬುವ ರವೀಂದ್ರನಿಗೆ ಕೈ ನಡುಗಿದರೆ ಉಳಿಯುವುದೇನು? ಹೀಗಾಗಿ ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನನ್ನನ್ನು ಮುಂದಿನ ಕೋಣೆಯ ಅಂಗಡಿಗೆ ಕರೆದು ಕೂರಿಸಿದರು. ಇದುವರೆಗೆ ಟೀ ಕೊಡಲು ಹೋದರೂ ಹೊಸ್ತಿಲಲ್ಲೇ ಲೋಟ ಇಸಿದುಕೊಳ್ಳುತ್ತಿದ್ದರು. ಮದ್ದಿನ ಹತ್ತಿರ ಹೆಂಗಸರು ಸುಳಿಯಬಾರದಂತೆ. ಈಗ ಸುಳಿಯಬಹುದಂತೆ.

ತೋಟಾ ಅಂದರೆ ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ಬಾಯಿಗೆ ಗುಂಡು. ಕೊಳವೆಯ ಬಾಯಿಗೆ ಗುಂಡನ್ನು ನೆಟ್ಟಗೆ ಇಟ್ಟು, ಮೇಜಿಗೆ ಬಿಗಿದಿರುವ ಪ್ರೆಸ್ಸಿನ ಹಿಡಿ ಎಳೆದು ಕೂರಿಸಬೇಕು. ನಾನು ಎಳೆದೆ. ಗುಂಡು ವಾಲಿತು. ಮತ್ತೆ ಎಳೆದೆ. ಕೊಳವೆಯೇ ನಜ್ಜುಗುಜ್ಜಾಯಿತು.

"ಇದೇನು ಕೈಯಾ, ಕೊರಡಾ?" ಅಂದರು. "ಒಂದ್ ಗುಂಡು ಕೂರ್ಸಾಕೆ ಬರಲ್ವಲ್ಲೇ ನಿಂಗೆ. ಇನ್ನೊಂದ್ ತಗ."

"ನಿಧಾನಕ್ಕೆ ಹೇಳ್ರಿ, ಕಲೀತೀನಿ."

"ಬೈಸ್ಕಂಡೋರೇ ಕಲಿಯೋದು."

ಬಚ್ಚಲಿಗೆ ಹೋಗಿ, ಸದ್ದು ಕೇಳದಿರಲಿ ಎಂದು ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಕೈಲಾಗದವರಿಗೆ ಇಂಥ ಮಾತಾಡಬಹುದಾ? ನಾನಾದರೆ ನಾಯಿಗೂ ಆಡುವುದಿಲ್ಲ.

ಜೂನ್ 20, ಶುಕ್ರವಾರ

ರಂಜಿತಾ ಬಂದು ಎರಡು ದಿನ ಇದ್ದು ಹೋದಳು. ಅಪ್ಪನನ್ನು ಕೂರಿಸಿಕೊಂಡು, "ಅಕ್ಟೋಬರ್‌ಗೆ ಲೈಸೆನ್ಸ್ ರಿನ್ಯೂವಲ್ ಐತೆ. ಅದ್ರಲ್ಲಿ ಅಮ್ಮನ ಹೆಸ್ರೂ ಸೇರಿಸಪ್ಪ. ನಾಳೆ ನಿನ್ ಕೈಲಾಗಲಿಲ್ಲ ಅಂದ್ರೆ ಅಂಗಡಿಗೆ ಬೀಗ ಬೀಳ್ತೈತೆ," ಅಂದಳು. ಇವರು ಸೂರು ನೋಡುತ್ತಾ ಕೂತಿದ್ದು, ಕೊನೆಗೆ ಎಡಗೈಯಲ್ಲೇ ಅರ್ಜಿಗೆ ಸಹಿ ಹಾಕಿದರು. ಡಿ.ಸಿ. ಆಫೀಸಿಗೆ ಅವಳೇ ಕೊಟ್ಟು ಬಂದಳು.

ನನಗೇನೂ ಅಂಥ ಆಸೆಯಿಲ್ಲ. ಸುಮ್ಮನೆ ರಸ್ತೆಗೆ ಹೋಗಿ ನಿಂತು ಬೋರ್ಡು ನೋಡಿದೆ. 'ಈರಬಸಪ್ಪ ಅಂಡ್ ಸನ್' ಎಂದಿದೆ. ಈರಬಸಪ್ಪ ನಮ್ಮ ಮಾವ, ಕುರಿಹಟ್ಟಿಗಳವರ ಕೇಪಿನ ಕೋವಿ ರಿಪೇರಿ ಮಾಡುತ್ತಾ ಶುರು ಮಾಡಿದವರು. ಸನ್ ಪಕ್ಕ ಸೊಸೆಗೆ ಜಾಗ ಇದೆಯೋ ಎಂದು ನೋಡಿದೆ. ಇದೆ, ಅಕ್ಷರ ಸ್ವಲ್ಪ ಸಣ್ಣದು ಮಾಡಿದರೆ.

ಜುಲೈ 3, ಗುರುವಾರ

ಈಗ ಗುಂಡು ವಾಲುವುದಿಲ್ಲ. ಆದರೆ ಗುಂಡು ಕೂರಿಸಿದರೆ ಅರ್ಧ ಕೆಲಸವಂತೆ. ಗುಂಡಿನ ಸೊಂಟದಲ್ಲಿ ಸುತ್ತ ಒಂದು ಗೀರು ಇರುತ್ತದೆ. ಕೊಳವೆಯ ಅಂಚು ಆ ಗೀರಿನೊಳಕ್ಕೆ ಮಡಚಿಕೊಂಡು ಗುಂಡನ್ನು ಹಿಡಿಯಬೇಕು. ಇದಕ್ಕೆ ಅಂಚು ಕಚ್ಚಿಸುವುದು ಅನ್ನುತ್ತಾರೆ. ಕಡಿಮೆಯಾದರೆ ಸಡಿಲ, ಹೆಚ್ಚಾದರೆ ಕೊಳವೆಯ ಹೊಟ್ಟೆ ಉಬ್ಬುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಹಿಡಿಯೇ ಅಂಗೈಗೆ ಹೇಳಬೇಕು.

"ಮದ್ದು ನೀನ್ ಅಳಿ, ಗುಂಡು ನೀನ್ ಕೂರ್ಸು. ಅಂಚು ಮಾತ್ರ ನಾನೇ ಕಚ್ಚಿಸೋದು," ಅಂದರು. ಮಾವನವರ ಕಾಲದಿಂದ ಈ ಅಂಗಡಿಯದೊಂದು ಕಟ್ಟಳೆ ಇದೆ. ಅಂಚು ಕಚ್ಚಿಸಿದವರದೇ ತೋಟಾ. ಒಳ್ಳೆಯದಾದರೆ ಹೆಸರು ಅವರಿಗೆ, ಕೆಟ್ಟರೆ ಹೊಣೆಯೂ ಅವರದೇ.

ಹೊಸದುರ್ಗದ ಗಂಗಾಧರಪ್ಪನವರು ಬಂದಿದ್ದರು, ಹಳೇ ಕೊಳವೆಗಳ ಚೀಲ ಕೊಟ್ಟು ಹೋಗಲು. ಮಾರಿಕಣಿವೆ ಅಣೆಕಟ್ಟು ಕಟ್ಟುವಾಗ ಇದ್ದ ಯಾರೋ ದೊರೆ ಬಿಟ್ಟುಹೋದ ರೈಫಲ್ಲು ಅಜ್ಜನ ಕಾಲದಿಂದ ಅವರ ಮನೆಯಲ್ಲಿದೆ. ಹಿರಿಯೂರಿನ ಒಬ್ಬರಲ್ಲಿ ಅದರದೇ ಜೋಡಿ ಇದೆಯಂತೆ. ಕೆಳಗಿನ ಕೊಂಡಿ ಮುಂದೂಡಿ ಹಿಂದೆಳೆದರೆ ಮುಂದಿನ ತೋಟಾ ಮೇಲೆ ಬರುವ ಜಾತಿಯದು. ಇದಕ್ಕೆ ತೋಟಾ ಎಲ್ಲೂ ಸಿಗುವುದಿಲ್ಲ, ನಮ್ಮಲ್ಲೇ ತುಂಬಿಸಬೇಕು. ಗಂಗಾಧರಪ್ಪನವರ ಮನೆತನದಲ್ಲಿ ಆಯುಧಪೂಜೆಗೆ ಬೂದುಗುಂಬಳ ಒಡೆಯುವುದಿಲ್ಲ. ಹೊಲದ ಮಣ್ಣುದಿಬ್ಬದ ಮುಂದಿಟ್ಟು ಆ ರೈಫಲ್ಲಿನಲ್ಲಿ ಹೊಡೆಯುತ್ತಾರೆ. ಮೊದಲ ಈಡಿಗೇ ಸೀಳಿದರೆ ವರ್ಷ ಒಳ್ಳೆಯದು.

ಹೋದ ವರ್ಷದ್ದೊಂದು ತೋಟಾ ಉಳಿದಿತ್ತು. ಅದರ ಮೂಗನ್ನು ಹಲಗೆಗೆ ಊರಿ, ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ತೋರಿಸಿದರು. "ನೋಡ್ ತಂಗಿ, ಅಲ್ಲಾಡ್ತೈತಾ? ನಾನು ಒತ್ತಿ ನೋಡ್ದೆ ಒಂದೂ ಒಯ್ಯಲ್ಲ. ಈ ರೈಫಲ್‌ನಾಗೆ ತೋಟಾ ನಳಿಗೆ ಕೆಳಗೆ ಕುರಿ ಸಾಲಿನಂಗೆ ನಿಂತಿರ್ತವೆ, ಒಂದ್ರ ಮೂಗು ಇನ್ನೊಂದ್ರ ಬೆನ್ನಿಗೆ. ಒಂದು ಈಡು ಹೊಡುದ್ರೆ ಎಲ್ಲದ್ಕೂ ಒದೆತ. ಅಂಚು ಸಡ್ಲ ಇದ್ರೆ ಗುಂಡು ಒಳಕ್ ಜಾರ್ತೈತೆ. ಅಮ್ಯಾಕೆ ಅದುನ್ನ ಹೊಡುದ್ರೆ ನನ್ ಕೆನ್ನೆ ಪಕ್ಕಾನೇ ಸಿಡಿಯೋದು."

"ಇವ್ಳಿಗ್ಯಾಕೆ ಅವೆಲ್ಲ," ಅಂದರು ಇವರು.

ಜುಲೈ 4

ಬೆರಳಿಗೆ ಹಿತ್ತಾಳೆಯ ವಾಸನೆ ಹತ್ತಿದೆ. ಸೋಪಿಗೂ ಹೋಗುತ್ತಿಲ್ಲ. ಅನ್ನ ಕಲಸುವಾಗ ಹೇಸಿಗೆ.

ಜುಲೈ 22, ಮಂಗಳವಾರ

ಹಿರಿಯೂರಿನವರ ತೋಟಾ ಇವತ್ತು ಮುಗಿಯಿತು. ಅಂಚು ಕಚ್ಚಿಸಲು ಇವರೇ ಕೂತರು. ಹಿಡಿ ಎಳೆಯುವಾಗ ಕೈ ನಡುದಾರಿಯಲ್ಲಿ ನಡುಗಿ ನಿಲ್ಲುತ್ತದೆ. ಇವರಿಗೆ ಅದು ತಿಳಿಯುತ್ತಿಲ್ಲ, ಅಥವಾ ತಿಳಿದೂ ನುಂಗಿಕೊಳ್ಳುತ್ತಾರೆ. "ಆತು ನೋಡು, ಹೆಂಗೈತೆ," ಎಂದು ನನ್ನ ಮುಖ ನೋಡಿದರು. ಚಿಕ್ಕಮಕ್ಕಳು ಬರೆದ ಚಿತ್ರ ತೋರಿಸುವಾಗ ನೋಡುವುದಿಲ್ಲವೇ, ಹಾಗೆ. ನಾನು ಚೆನ್ನಾಗಿದೆ ಅಂದೆ.

ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋದರು. ಒಂದೊಂದನ್ನೇ ಹಲಗೆಗೆ ಒತ್ತಿ ನೋಡಿದೆ. ಅಯ್ಯೋ ದೇವರೇ! ಮುಕ್ಕಾಲು ಪಾಲು ಸಡಿಲ. ಯಾರದೋ ಕೆನ್ನೆ, ಯಾರದೋ ಕಣ್ಣು. ಪ್ರೆಸ್ಸಿಗೆ ಕೂತು ಎಲ್ಲದರ ಅಂಚನ್ನೂ ಮತ್ತೆ ಕಚ್ಚಿಸಿದೆ. ಮೊದಲೆರಡು ಕೆಟ್ಟವು, ಬೇರೆ ಮಾಡಿಟ್ಟೆ. ಮೂರನೆಯದರಿಂದ ಅಂಗೈಗೆ ಗೊತ್ತಾಯಿತು. ಹಿಡಿ ಒಂದು ಕಡೆ ಗಟ್ಟಿಯಾಗಿ, ಆಮೇಲೆ ಎಳ್ಳಷ್ಟು ಮೆತ್ತಗಾಗುತ್ತದೆ. ಅಲ್ಲೇ ನಿಲ್ಲಬೇಕು.

ಇವರು ಬರುವಷ್ಟರಲ್ಲಿ ಡಬ್ಬಿ ಇದ್ದಲ್ಲೇ ಇತ್ತು. ಹೇಳಿ ಮನಸ್ಸು ಯಾಕೆ ಮುರಿಯಲಿ? ಪಾಪ, ಬದುಕಿ ಬಂದಿರುವ ಜೀವ.

ಆಗಸ್ಟ್ 11, ಸೋಮವಾರ

ಹಿರಿಯೂರಿನವರು ಫೋನ್ ಮಾಡಿ ಹೊಗಳಿದರಂತೆ, ಈ ಸಲದ ತೋಟಾ ನಿಮ್ಮಪ್ಪನ ಕಾಲದ ಹಾಗಿದೆ ಎಂದು. ಬೆಳಗಿಂದ ಅದೇ ಪುರಾಣ. ಹಾಲಿನವನಿಗೆ ಹೇಳಿದರು, ಎದುರು ಮನೆಯವರಿಗೆ ಹೇಳಿದರು, ಫೋನು ಮಾಡಿ ಬೀಗರಿಗೂ ಹೇಳಿದರು. "ಕೈ ಅಂದ್ರೆ ಕಲ್ತ ಕೈ. ಲಕ್ವ ಏನ್ ಮಾಡ್ತೈತೆ ಅದುಕ್ಕೆ?"

ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ತಟ್ಟುತ್ತಲೇ ಇದ್ದೆ.

ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಹಿಸುಕಲು ಕೊಟ್ಟಿದ್ದ ರಬ್ಬರ್ ಚೆಂಡು ಸೋಫಾ ಕೆಳಗೆ ಹೋಗಿದೆ. "ವಾಸಿಯಾದ ಕೈಗೆ ಇನ್ನೇನ್ ವ್ಯಾಯಾಮ," ಅನ್ನುತ್ತಾರೆ. ಇವರು ಕಚ್ಚಿಸಿದ್ದನ್ನೆಲ್ಲ ಮಧ್ಯಾಹ್ನ ಮಲಗಿದಾಗ ನಾನು ತಿದ್ದುತ್ತಲೇ ಇದ್ದೇನೆ. ಈಗ ಒತ್ತಿ ನೋಡುವ ಅಗತ್ಯವೂ ಬೀಳುತ್ತಿಲ್ಲ, ಅಂಚಿನ ಮೇಲೆ ಉಗುರು ಆಡಿಸಿದರೆ ಸಾಕು. ಒಂದೊಂದು ಮಧ್ಯಾಹ್ನ ಇವರು ಬೇಗ ಏಳದಿದ್ದರೆ ಸಾಕು ಅನ್ನಿಸುತ್ತದೆ.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ರಂಜಿತಾ ಬಂದಿದ್ದಳು. ಕರಿಗಡುಬು ಮಾಡುವಾಗ ಅವಳು ಅಂಚು ಒತ್ತಿದ್ದು ನೋಡಿ ಮೈ ಉರಿಯಿತು. ಎಣ್ಣೆಗೆ ಬಿಟ್ಟಿದ್ದೇ ತಡ, ಒಂದು ಬಾಯಿಬಿಟ್ಟು ಹೂರಣವೆಲ್ಲ ಬಾಣಲೆ ಪಾಲು.

"ಇದೇನ್ ಒತ್ತೋದಾ? ಬೆರಳಾಗೆ ಹದಾನೇ ಇಲ್ವಲ್ಲೇ. ತೆಗಿ ಅತ್ಲಾಗೆ."

ಅವಳು ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು. "ಅಮ್ಮ, ಥೇಟ್ ಅಪ್ಪ ಮಾತಾಡ್ದಂಗೇ ಐತೆ."

ಏನೋ ಅಂದಳು. ಹೆತ್ತವಳು ಒಂದು ಮಾತು ಹೇಳುವ ಹಾಗಿಲ್ಲ ಈಗಿನವರಿಗೆ. ಕಡುಬು ಎಲ್ಲ ನಾನೇ ಒತ್ತಿದೆ. ಒಂದೂ ಬಿಡಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಮಧ್ಯಾಹ್ನ ಊಟಕ್ಕೆ ಕೂತವರು ಸಾರು ಕಲಸಿಕೊಳ್ಳುತ್ತಾ ಹೇಳಿದರು. ಹೆಸರು ಸೇರಿಸುವ ಅರ್ಜಿಯನ್ನು ಬೆಳಿಗ್ಗೆ ಡಿ.ಸಿ. ಆಫೀಸಿಗೆ ಹೋಗಿ ವಾಪಸ್ ತಗೊಂಡರಂತೆ.

"ಯಾಕೆ?" ಅಂದೆ.

"ಇನ್ಯಾಕೆ ಅದು? ನನ್ ಕೈ ಸರಿಹೋತಲ್ಲ. ನಿಂದೂ ಸಾಕು ಇನ್ನು, ಒಳಗಿಂದು ನೋಡ್ಕ. ಸಾರಿಗೆ ಉಪ್ಪೇ ಇಲ್ಲ ಇವತ್ತು."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಹೊಳೆ ದಾಟಿದೆ ಅಂದುಕೊಂಡಿದ್ದಾರೆ, ಸರಿ. ಆದರೆ ಇವರಿನ್ನೂ ನಡುನೀರಿನಲ್ಲಿದ್ದಾರೆ, ಹುಟ್ಟು ಹಾಕುತ್ತಿರುವವಳು ನಾನು. ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂತು. ಹೇಳಿದರೆ ನಂಬುತ್ತಾರಾ? ಎದುರು ಮನೆಯವರಿಗೆ, ಬೀಗರಿಗೆ ಸಾರಿ ಆಗಿದೆ. ನನ್ನ ಕೈಯಾರೆ ಇವರ ಕೈ ವಾಸಿ ಮಾಡಿ, ನನ್ನ ಕೈಯಾರೆ ನನ್ನ ಹೆಸರು ಅಳಿಸಿಕೊಂಡೆ. ನನ್ನಂಥ ಪೆದ್ದಿ ಚಿತ್ರದುರ್ಗದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ.

ಬೇಕು, ನನಗೆ ಅದು ಬೇಕಾಗಿತ್ತು. ಆಸೆಯಿಲ್ಲ ಎಂದು ಜೂನ್‌ನಲ್ಲಿ ಬರೆದಿದ್ದು ಸುಳ್ಳು.

ಸೆಪ್ಟೆಂಬರ್ 10

ಉಪ್ಪು ಹಾಕಿದೆ.

ಸೆಪ್ಟೆಂಬರ್ 23, ಮಂಗಳವಾರ

ಗಂಗಾಧರಪ್ಪನವರ ತೋಟಾ. ಮದ್ದು ಅಳೆದು ಗುಂಡು ಕೂರಿಸಿ ಇಟ್ಟಿದ್ದೆ, ನನ್ನನ್ನು ಒಳಗೆ ಅಟ್ಟುವ ಮೊದಲೇ. ಅಂಚೊಂದು ಬಾಕಿಯಿತ್ತು. ಇವತ್ತು ಇವರು ಒಬ್ಬರೇ ಕೂತು ಮುಗಿಸಿ, ಶಿಳ್ಳೆ ಹಾಕುತ್ತಾ ಕಟಿಂಗ್ ಶಾಪಿಗೆ ಹೋದರು.

ಹೋಗಿ ನೋಡಿದೆ. ಉಗುರು ಆಡಿಸುವುದೂ ಬೇಡ, ಸಡಿಲವೆಂದು ಕಣ್ಣಿಗೇ ಕಾಣುತ್ತದೆ. ಪ್ರೆಸ್ಸಿನ ಹಿಡಿ ಹಿಡಿದು ಕೂತೆ. ಆಮೇಲೆ ಡಬ್ಬಿಯ ಮೇಲೆ ಬಟ್ಟೆ ಮುಚ್ಚಿ ಎದ್ದು ಬಂದು ಸೊಪ್ಪು ಸೋಸಿದೆ.

ಅಂಚು ಕಚ್ಚಿಸಿದವರದೇ ತೋಟಾ ತಾನೆ? ಇರಲಿ ಅವರದೇ. ಗಂಗಾಧರಣ್ಣ ಒತ್ತಿ ನೋಡದೆ ಒಯ್ಯುವ ಆಸಾಮಿಯಲ್ಲ. ಅವರ ಹೆಬ್ಬೆರಳೇ ಹೇಳಲಿ ಇವರಿಗೆ, ನಾನ್ಯಾಕೆ ಕೆಟ್ಟವಳಾಗಲಿ.

ಸೊಪ್ಪಿನ ಸಾರು ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡರು.

ಸೆಪ್ಟೆಂಬರ್ 26, ಶುಕ್ರವಾರ

ಬೆಳಿಗ್ಗೆಯೇ ಬಂದರು ಗಂಗಾಧರಪ್ಪ. ನಾನು ಟೀ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಮತ್ತೆ ಹೊಸ್ತಿಲೇ.

"ರವೀಂದ್ರಣ್ಣ, ಕೈ ಹೆಂಗೈತೆ?"

ಇವರು ಬಲಗೈ ಎತ್ತಿ ಬೆರಳು ಆಡಿಸಿದರು. "ಮೊದ್ಲಿಗಿಂತ ಗಟ್ಟಿ."

"ಹಿರಿಯೂರಿನೋರೂ ಅದೇ ಅಂದ್ರು. ಬಿಡ್ರಿ, ಇನ್ ನಾನ್ಯಾಕೆ ಒತ್ತಿ ನೋಡಾಣ. ನಿಮ್ ಕೈ ಮ್ಯಾಲೆ ಅನುಮಾನ ಪಟ್ಟಂಗಾಗ್ತೈತೆ." ಹೀಗೆಂದವರೇ ಡಬ್ಬಿಯನ್ನು ಚೀಲಕ್ಕೆ ಸುರುವಿಕೊಳ್ಳತೊಡಗಿದರು.

ಇದನ್ನು ನಾನು ಎಣಿಸಿರಲಿಲ್ಲ. ಹಬ್ಬದ ದಿನ ಮಣ್ಣುದಿಬ್ಬದ ಮುಂದೆ ನಿಂತು ಆ ಮನುಷ್ಯ ಕೆನ್ನೆಗೆ ಒತ್ತಿಕೊಳ್ಳುವುದು ಇದನ್ನೇ.

"ಅಣ್ಣ, ಒತ್ತಿ ನೋಡ್ರಿ," ಅಂದೆ.

"ಯಾಕ್ ತಂಗಿ, ಯಜಮಾನ್ರ ಮ್ಯಾಲೆ ನಂಬ್ಕೆ ಇಲ್ವಾ?" ನಕ್ಕರು.

"ಒಳಗ್ ಹೋಗ್ಲೇ," ಅಂದರು ಇವರು.

"ಒತ್ತಿ ನೋಡ್ರಿ ಅಂದ್ನಲ್ಲ!" ನನ್ನ ದನಿ ನನಗೇ ಜೋರೆನಿಸಿತು. ಟೀ ತುಳುಕಿ ಕೈ ಸುಟ್ಟಿತು.

ಗಂಗಾಧರಪ್ಪ ನಗು ನಿಲ್ಲಿಸಿ, ಒಂದನ್ನು ಹಲಗೆಗೆ ಊರಿ ಒತ್ತಿದರು. ಗುಂಡು ಒಳಕ್ಕೆ ಇಳಿಯಿತು. ಇನ್ನೊಂದು. ಅದೂ ಇಳಿಯಿತು. ಇವರ ಮುಖ ನೋಡಿದೆ. ಮೊದಲು ಬೆಳ್ಳಗಾಯಿತು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಅವು ಇವ್ಳು ಕಚ್ಚಿಸಿದ್ದು ಗಂಗಾಧರಪ್ಪ. ಕೈ ಸೋತಾಗ ಚೂರು ಹೇಳ್ಕೊಟ್ಟಿದ್ದೆ. ನಾನಿಲ್ಲದಾಗ ಬಂದು ಕೈಯಾಡ್ಸವ್ಳೆ. ಹೆಂಗಸ್ರ ಕೈಲಿ ಇವೆಲ್ಲ ಆಗಲ್ಲ."

ಈ ಅಂಗಡಿಯಿಂದ ಹೊರಗೆ ಹೋದ ಒಂದೊಂದು ಒಳ್ಳೆಯ ತೋಟಾವೂ ನನ್ನ ಕೈಯದು, ಒಂದಕ್ಕೂ ನನ್ನ ಹೆಸರಿರಲಿಲ್ಲ. ನಾನು ಮುಟ್ಟದೇ ಬಿಟ್ಟ ಇವಕ್ಕೆ, ಇವಕ್ಕೆ ಮಾತ್ರ, ನನ್ನ ಹೆಸರಿಟ್ಟರು. ಲಕ್ವ ಹೊಡೆದಾಗ ರಾತ್ರಿಯೆಲ್ಲ ಆ ಕೈಯನ್ನೇ ಹಿಡಿದು ಕೂತಿದ್ದೆನಲ್ಲ, ಥೂ.

"ಏನ್ ತಂಗಿ ಇದು!" ಗಂಗಾಧರಪ್ಪ ನನಗೇ ಬೈದರು. "ಮನುಷ್ಯರ ಜೀವ ಹೋಗೋ ವಸ್ತು. ಹುಡುಗಾಟ ಅನ್ಕಂಡಿಯಾ?"

ನಾನು ಲೋಟ ಕೆಳಗಿಟ್ಟೆ. ಹೊಸ್ತಿಲು ದಾಟಿ ಹೋಗಿ ಪ್ರೆಸ್ಸಿನ ಮುಂದೆ ಕೂತೆ. ಗುಂಡು ಜಾರಿದ ಎರಡನ್ನು ಬದಿಗಿಟ್ಟು, ಅದೇ ಸಾಲಿನ ಮುಂದಿನದನ್ನು ಎತ್ತಿ ಹಿಡಿ ಎಳೆದೆ. ಗಟ್ಟಿಯಾಯಿತು, ಮೆತ್ತಗಾಯಿತು, ನಿಲ್ಲಿಸಿದೆ. ಗಂಗಾಧರಪ್ಪನ ಮುಂದೆ ಇಟ್ಟೆ. ಅವರು ಒತ್ತಿದರು. ಎದ್ದು ನಿಂತು, ಎರಡೂ ಹೆಬ್ಬೆರಳು ಸೇರಿಸಿ, ಮೈಭಾರ ಹಾಕಿ ಒತ್ತಿದರು. ಅದು ಕದಲಲಿಲ್ಲ.

ಅವರು ನನ್ನನ್ನು ನೋಡಿದರು, ಇವರನ್ನು ನೋಡಿದರು. ಆಮೇಲೆ ಇನ್ನೊಂದು ತೋಟಾವನ್ನು ಮೆಲ್ಲಗೆ ಇವರ ಕಡೆ ತಳ್ಳಿದರು. "ಅಣ್ಣ, ನೀವೂ ಒಂದ್ ಕಚ್ಚಿಸ್ರಿ, ನೋಡಾಣ."

"ಊಟದ್ ಹೊತ್ತಾತು," ಅಂದರು ಇವರು. ಇನ್ನೂ ಹನ್ನೊಂದು ಗಂಟೆಯೂ ಆಗಿರಲಿಲ್ಲ.

ನಾನು ಎಲ್ಲ ಮುಗಿಸುವವರೆಗೆ ಗಂಗಾಧರಪ್ಪ ಒಂದೊಂದನ್ನೇ ಒತ್ತಿ ನೋಡುತ್ತಾ ಕೂತಿದ್ದರು. ಹೊರಡುವಾಗ ಬೋರ್ಡಿನ ಕೆಳಗೆ ನಿಂತು, "ಈರಬಸಪ್ಪಾರು ಒಂದ್ ಮಾತು ಹೇಳೋರು, ನೆನಪೈತಾ ರವೀಂದ್ರಣ್ಣ?" ಅಂದರು. ಇವರಿಗೆ ನೆನಪಿಲ್ಲವಂತೆ.

ಸೆಪ್ಟೆಂಬರ್ 29, ಸೋಮವಾರ

ಬೆಳಿಗ್ಗೆ ಆಟೋದಲ್ಲಿ ಒಬ್ಬರೇ ಹೋದವರು ಮಧ್ಯಾಹ್ನ ಬಂದರು. ಲೈಸೆನ್ಸ್ ವಾಪಸ್ ಕೊಟ್ಟು ಬಂದಿದ್ದಾರೆ. ರಿನ್ಯೂವಲ್ಲೂ ಬೇಡ, ಏನೂ ಬೇಡ. ಹಿಂದೆಯೇ ಆಫೀಸಿನ ಜೀಪು ಬಂತು. ಮದ್ದು, ಕೇಪು ಎಲ್ಲ ಒಯ್ದರು. ಪ್ರೆಸ್ಸು ಗುಜರಿಗೆ ಹೋಯಿತು. ಹಿಡಿ ಬಿಚ್ಚಿಟ್ಟುಕೊಳ್ಳೋಣವೆಂದು ಹೋದೆ, ಬೋಲ್ಟು ತುಕ್ಕು ಹಿಡಿದಿತ್ತು, ಬರಲಿಲ್ಲ.

"ಯಾಕ್ ಹಿಂಗ್ ಮಾಡಿದ್ರಿ?"

"ನನ್ ಕೈಲಾಗದ್ದು ಈ ಮನೇಲಿ ಯಾರ ಕೈಲೂ ಬ್ಯಾಡ."

ಅಷ್ಟೇ. ನಡುಗದ ದನಿಯಲ್ಲಿ ಹೇಳಿದರು. ಇವತ್ತು ನಾನು ಅಳಲಿಲ್ಲ, ಕಣ್ಣಲ್ಲಿ ನೀರೇ ಬರಲಿಲ್ಲ. ಜುಲೈನಲ್ಲಿ ಕದ್ದು ತಿದ್ದದೆ, ಆ ಸಡಿಲ ಅಂಚುಗಳನ್ನು ಇವರ ಮುಂದೆಯೇ ಹಲಗೆಗೆ ಒತ್ತಿ ತೋರಿಸಿದ್ದರೆ ಇವತ್ತು ಬೋರ್ಡಿನಲ್ಲಿ ಸೊಸೆ ಇರುತ್ತಿದ್ದಳು. ಪಾಪ ಅಂದೆ. ಅಂದವಳ ಗತಿ ಇದು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಪೂಜೆಗೆ ಆಯುಧವಿಲ್ಲ. ಮಿಕ್ಸಿಗೆ, ಈಳಿಗೆ ಮಣೆಗೆ ಕುಂಕುಮ ಇಟ್ಟೆ. ಇವರು ಹೊರಗೆ ಬರಲಿಲ್ಲ.

ಗಂಗಾಧರಪ್ಪನ ಫೋನು ನನಗೇ ಬಂತು. "ಮೊದ್ಲ ಈಡಿಗೇ ಕುಂಬ್ಳಕಾಯಿ ಎರಡು ಹೋಳು, ತಂಗಿ! ಮುಂದ್ಲ ವರ್ಷದ್ದೂ ನೀನೇ ತುಂಬ್ಬೇಕು ಮತ್ತೆ."

"ಮುಂದ್ಲ ವರ್ಷ ಕಲ್ಲು ತಗಂಡು ಹೊಡೀರಿ ಅಣ್ಣ," ಅಂದು ಇಟ್ಟುಬಿಟ್ಟೆ.

ಬೆರಳಿನ ವಾಸನೆ ಹೋಗಿದೆ. ಬೆಳಗಿಂದ ನಾಲ್ಕಾರು ಸಲ ಮೂಸಿ ನೋಡಿದೆ.

ಅಕ್ಟೋಬರ್ 14, ಮಂಗಳವಾರ

ಡಾಕ್ಟರು ಇವರಿಗೆ ಚೆನ್ನಾಗಿ ಉಗಿದರು. ವ್ಯಾಯಾಮ ಬಿಟ್ಟಿದ್ದಕ್ಕೆ ಬೆರಳು ಮಡಚಿಕೊಳ್ಳತೊಡಗಿವೆ, ಹೀಗೇ ಆದರೆ ತುತ್ತೂ ಎತ್ತಲಾಗುವುದಿಲ್ಲ ಎಂದರು. ಮನೆಗೆ ಬಂದವಳೇ ಸೋಫಾ ಕೆಳಗಿನ ಚೆಂಡು ತೆಗೆದು, ಒರೆಸಿ, ಇವರ ಕೈಗಿಟ್ಟೆ.

ಹಿಸುಕಿದರು. ಜಾರಿ ಬಿತ್ತು. ಎತ್ತಿ ಕೊಟ್ಟೆ. ಮತ್ತೆ ಬಿತ್ತು.

"ಇದೇನ್ ಕೈಯಾ, ಕೊರಡಾ?" ಅಂದೆ. "ಒಂದ್ ಚೆಂಡು ಹಿಡಿಯಾಕೆ ಬರಲ್ವಲ್ರಿ ನಿಮ್ಗೆ. ಹಿಡೀರಿ ಇನ್ನೊಂದ್ ಸಲ."

"ನಿಧಾನಕ್ ಹೇಳು ಜಯ," ಅಂದರು.

ನಿಧಾನಕ್ಕೆ ಹೇಳಿದರೆ ಆಗುತ್ತದಾ ಇದು? ಬೈಸಿಕೊಂಡರೇ ಕಲಿಯುವುದು. ಬಿದ್ದ ಹಾಗೆಲ್ಲ ಎತ್ತಿ ಕೊಟ್ಟು ಮಾಡಿಸಿದೆ. ಎದುರು ಮನೆಯವರು ಕಿಟಕಿಯಲ್ಲಿ ನೋಡುತ್ತಿದ್ದರು, ನೋಡಲಿ.

ಆಮೇಲೆ ತಲೆ ತಗ್ಗಿಸಿಕೊಂಡು ಎದ್ದುಹೋಗಿ, ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡರು. ಒಂದು ಮುಖ ತೊಳೆಯಲು ಅಷ್ಟು ಹೊತ್ತು, ಅಷ್ಟು ನೀರು ಯಾಕೆ ಬೇಕೋ. ನಾಳೆಯಿಂದ ಬೆಳಿಗ್ಗೆಯೂ ಮಾಡಿಸಬೇಕು.